ಮೇಲಕ್ಕೆ ಬಾಗಿದ ಬಾಲ

ಶಿಡ್ಲಘಟ್ಟದಲ್ಲಿ ಬೋರ್ಡು ಬರೆಯುವ ಆತಿಫನ ಕೈ ಚುರುಕು, ತಾಳ್ಮೆ ಮಾತ್ರ ಸೊನ್ನೆ. ಮಗಳು ಮೆಹ್ವಿಶ್ ಓದುವ ಶಾಲೆಯ ವಿಜ್ಞಾನದ ಕೋಣೆಯ ಗೋಡೆಯ ಮೇಲೆ ಕಡಲಜೀವಿಗಳನ್ನು ಬರೆಯುವ ಕೆಲಸ ಸಿಕ್ಕಾಗಲೂ ಹಾಗೇ ಆಯಿತು. ಮೊದಲು ಶಾರ್ಕಿಗೆಂದು ರಟ್ಟಿನಲ್ಲಿ ಬಾಲದ ಅಚ್ಚು ಕತ್ತರಿಸಿದ. ಶಾರ್ಕಿನ ಬೆನ್ನುಮೂಳೆ ಮೇಲಕ್ಕೆ ಬಾಗಿ ಬಾಲದ ಮೇಲಿನ ಕವಲಿಗೆ ಹೋಗುತ್ತದೆ. ಪಕ್ಕದಲ್ಲಿ, ಎಂದೋ ಅಳಿದುಹೋದ ಕಡಲ ಸರೀಸೃಪ ಇಕ್ತಿಯೋಸಾರ್ ಬರೆಯಬೇಕಿತ್ತು. ಅದಕ್ಕೂ ಅದೇ ಅಚ್ಚು ಒತ್ತಿದ. ಯಾರದಾದರೇನು, ಬಾಲ ಬಾಲವೇ ತಾನೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಗೋಡೆ ಮುಗಿದ ದಿನವೇ ಮೆಹ್ವಿಶ್‌ಗೆ ಉಬ್ಬಸ ಹಿಡಿಯಿತು. ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆಗಳ ಹೊಗೆ ಎಂದರು ಡಾಕ್ಟರು. ಹುಟ್ಟಿದಾಗಿನಿಂದ ಅದೇ ಹೊಗೆಯಲ್ಲಿ ಬೆಳೆದ ಹುಡುಗಿ ಅವಳು. ಔಷಧಿ ನಾಟಲಿಲ್ಲ. ದಿನದಿನಕ್ಕೆ ಅವಳ ಉಸಿರು ಕುಗ್ಗುವುದನ್ನು ಆತಿಫ್ ಪಕ್ಕದಲ್ಲೇ ಕೂತು ನೋಡುತ್ತಿದ್ದ.

ಅಷ್ಟರಲ್ಲಿ ವಿಜ್ಞಾನದ ಟೀಚರ್ ತನುಜ ಹೇಳಿ ಕಳಿಸಿದರು. ಹೋಗಿ ನೋಡಿದರೆ ಇಕ್ತಿಯೋಸಾರ್ ಕೆಳಗಿಳಿದಿತ್ತು. ಕಿಟಕಿಯ ಮಟ್ಟಕ್ಕೆ ಬರೆದ ಪ್ರಾಣಿ ಈಗ ತಲೆಕೆಳಗಾಗಿ ನೆಲಕ್ಕೆ ತಾಗಿತ್ತು. ಬಣ್ಣ ಸೋರಿರಲಿಲ್ಲ, ಇದ್ದ ಜಾಗದಲ್ಲಿ ಕಲೆಯೂ ಉಳಿದಿರಲಿಲ್ಲ.

"ಇದರ ಮೂಳೆ ಕೆಳಗೆ ಬಾಗ್ಬೇಕು ಕಣ್ರೀ," ಎಂದರು ತನುಜ, ಗೋಡೆಯಿಂದ ದೂರ ನಿಂತು. "ಇದು ಮೀನಲ್ಲ. ಗಾಳಿ ತಗೊಳ್ಳೋಕೆ ಮೇಲೆ ಬರ್ಬೇಕು, ಒಂದ್ಸಲ ತಗೊಂಡ್ರೆ ಎಷ್ಟೋ ಹೊತ್ತು ನೀರೊಳಗೇ ಇರ್ತದೆ. ನೀವು ಹಾಕಿರೋ ಬಾಲ ತಲೇನ ಕೆಳಕ್ಕೇ ತಳ್ತದೆ."

"ಹಂಗಾದ್ರೆ ಉಸಿರಾಡೋದು ಹೆಂಗೆ ಮೇಡಂ?"

ತನುಜ ಗೋಡೆಯತ್ತ ಬೆರಳು ತೋರಿಸಿದರು. ಗೋಡೆಯೊಳಗಿಂದ ಸುಯ್ ಸುಯ್ ಎಂಬ ಸಣ್ಣ ಶಬ್ದ ಬರುತ್ತಿತ್ತು. ಮನೆಯಲ್ಲಿ ಮಗಳ ಪಕ್ಕ ಕೂತು ಕೇಳಿದ ಶಬ್ದವನ್ನು ಆತಿಫ್ ಕೂಡಲೇ ಗುರುತಿಸಿದ.

ಹಳೆಯ ಬಾಲವನ್ನು ಕೆರೆದು ತೆಗೆದ. ಈ ಸಲ ಅಚ್ಚಿಲ್ಲದೆ, ತನುಜ ಹಿಡಿದು ತೋರಿಸಿದ ಚಿತ್ರ ನೋಡುತ್ತ, ಮೂಳೆಯನ್ನು ಕೆಳಗಿನ ಕವಲಿಗೆ ಬಾಗಿಸಿ ಬರೆದ. ಬಣ್ಣ ಆರುವ ಮೊದಲೇ ಪ್ರಾಣಿಯ ತಲೆ ಎದ್ದಿತು. ಅದು ಮೆಲ್ಲಗೆ ಗೋಡೆ ಹತ್ತಿ, ಸೂರಿನ ಹತ್ತಿರ ಮೂತಿ ಚಾಚಿ, ದೀರ್ಘವಾಗಿ ಒಂದು ಉಸಿರೆಳೆದುಕೊಂಡು ಮತ್ತೆ ಮುಳುಗಿತು.

ಆತಿಫ್ ಮನೆಗೆ ಓಡಿದ. ಮೆಹ್ವಿಶ್ ಚಾಪೆಯ ಮೇಲೆ ಎದ್ದು ಕೂತಿದ್ದಳು. ಉಬ್ಬಸವಿಲ್ಲ, ಕೆಮ್ಮಿಲ್ಲ.

"ಎಷ್ಟು ಹಗುರ ಆಯ್ತು ಅಬ್ಬಾ," ಎಂದು ನಕ್ಕು, ಎದೆತುಂಬ ಒಂದು ಉಸಿರು ಎಳೆದುಕೊಂಡಳು.

ಹೋದ ಜೀವ ಬಂದಂತಾಗಿ ಆತಿಫ್ ಅಲ್ಲಾಹನಿಗೆ ಶುಕ್ರ್ ಹೇಳಿದ. ಅವಳ ತಲೆ ಸವರಿದ. ಹೆಂಡತಿ ಕೆಲಸದಿಂದ ಬರುವಷ್ಟರಲ್ಲಿ ಆಗಲೆಂದು ಅನ್ನಕ್ಕೆ ಎಸರಿಟ್ಟ. ನೀರು ಕುದಿಯಿತು, ಅಕ್ಕಿ ಬೆಂದಿತು. ಮೆಹ್ವಿಶ್ ಅವನನ್ನೇ ನೋಡುತ್ತ ನಗುಮುಖದಲ್ಲಿ ಕೂತಿದ್ದಳು. ಅವಳ ಎರಡನೆಯ ಉಸಿರು ಇನ್ನೂ ಬಂದಿರಲಿಲ್ಲ.