ಕೋರ್ಟಿನ ಮೇಲಿನ ಹೆಂಗಸಿನ ಮುಖ

ಕೋರ್ಟಿನ ಎತ್ತರದ ಕಂಬಗಳ ಮೇಲೆ, ಮುಕ್ಕೋನದ ಗೋಡೆಯ ನೆತ್ತಿಯಲ್ಲಿ, ತಕ್ಕಡಿ ಹಿಡಿದು ನಿಂತಿರುವ ಕಲ್ಲಿನ ಹೆಂಗಸನ್ನು ಕೆತ್ತಿದ್ದು ನಮ್ಮ ಮಾವ, ಅವರ ಮದುವೆಗೂ ಮುಂಚೆ. ಹಳೇ ಗ್ರೀಕರ ಮಾದರಿಯಲ್ಲೇ ಬೇಕೆಂದು ಕಟ್ಟಿಸುವವರು ಪಟ್ಟು ಹಿಡಿದಿದ್ದರಂತೆ. ಆಮೇಲೆ ಸಿಡಿಲಿಗೆ ತಕ್ಕಡಿಯ ಒಂದು ತಟ್ಟೆ ಹಾರಿಹೋಯಿತು. ಯಾರೋ ಅಧಿಕಾರಿ ಬಂದು ಅವಳ ಮೈಗೆಲ್ಲ ಸುಣ್ಣ ಬಳಿಸಿದ, ಇನ್ನೊಬ್ಬ ಬಂದು ಕೆರೆಸಿದ. ಮುಖ ಮಾತ್ರ ಹಾಗೇ ಉಳಿದಿತ್ತು. ಆ ದಾರಿಯಲ್ಲಿ ಹೋದಾಗಲೆಲ್ಲ ಮಾವ ತಲೆಯೆತ್ತಿ, "ಚೆನ್ನಾಗಿದ್ದಾಳಲ್ಲ?" ಎನ್ನುತ್ತಿದ್ದರು. ಜೀವಮಾನದಲ್ಲಿ ಅವರು ಜಂಬ ಕೊಚ್ಚಿಕೊಂಡದ್ದು ಅದೊಂದಕ್ಕೇ.

ಈ ವರ್ಷ ಅವಳ ಕತ್ತಿನೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಕಲ್ಲು ಬಿರುಕು ಬಿಟ್ಟಿತು. ರಿಪೇರಿ ನಮ್ಮ ಯಜಮಾನರಿಗೇ ಬಂತು. ಕ್ರೇನಿನಲ್ಲಿ ಇಳಿಸಿ ನಮ್ಮ ಶೆಡ್ಡಿಗೆ ತಂದರು. ಮಾವ ಸೊಂಟ ಹಿಡಿದುಕೊಂಡು ಮನೆಯಲ್ಲಿ ಮಲಗಿದ್ದರು.

ಹತ್ತಿರದಿಂದ ನೋಡಿದರೆ, ಅಯ್ಯೋ! ಕಣ್ಣು ಬಾವಿ ತೋಡಿದಂತಿದೆ, ಹಣೆ ಊದಿಕೊಂಡಿದೆ, ತುಟಿಗಳ ಸಂದಿಯಲ್ಲಿ ಬೆರಳು ಹೋಗುತ್ತದೆ. ಮೊದಲು ನಕ್ಕವಳು ನಾನೇ.

"ಇದೇನ್ರೀ, ಹಲ್ಲುನೋವು ಬಂದವಳ ಥರ ಇದ್ದಾಳೆ!"

ಅವರು ನಗಲಿಲ್ಲ. "ಅಪ್ಪಂಗೆ ಆಗಿನ್ನೂ ಕೈ ಕೂತಿರ್ಲಿಲ್ಲ ಅನ್ಸುತ್ತೆ. ಕೋರ್ಟಿನವರೆಲ್ಲ ಇಲ್ಲಿಗೆ ನೋಡೋಕೆ ಬರ್ತಾರೆ. ಮಾನ ಹೋಗುತ್ತೆ ಕಣೇ."

"ಹಾಗಾದ್ರೆ ಸ್ವಲ್ಪ ಸರಿ ಮಾಡಿಬಿಡಿ. ಯಾರಿಗೆ ಗೊತ್ತಾಗುತ್ತೆ?" ಎಂದೆ. ನನ್ನ ನಾಲಿಗೆಗೆ ಬೆಂಕಿ ಬೀಳ!

ನಮ್ಮವರು ಕೆತ್ತುವುದು ಸಮಾಧಿ ಕಲ್ಲು, ಬಾಗಿಲ ಚೌಕಟ್ಟು. ಎಲ್ಲ ಕಣ್ಣೆದುರಿನ ಕೆಲಸ. ಅದೇ ಅಂದಾಜಿನಲ್ಲಿ ಹಣೆ ತಗ್ಗಿಸಿದರು, ಹುಬ್ಬು ಸವೆಸಿದರು, ಕಣ್ಣಿನ ಗುಳಿಗೆ ಕಲ್ಲುಪುಡಿಯ ಗಾರೆ ತುಂಬಿದರು. ನಾನು ನುಣ್ಣಗೆ ತಿಕ್ಕಿದೆ. ಬಂದು ನೋಡಿದವರೆಲ್ಲ ತಲೆದೂಗಿದರು. ಊಟಕ್ಕೆ ದಿನಾ ಮಾವನ ಎದುರೇ ಕೂರುತ್ತಿದ್ದೆವು. "ಹೇಗಿದ್ದಾಳೋ?" ಎಂದು ಕೇಳುತ್ತಿದ್ದರು. ಚೆನ್ನಾಗಿದ್ದಾಳೆ ಎಂದು ತಟ್ಟೆ ನೋಡಿಕೊಂಡು ಹೇಳುತ್ತಿದ್ದೆವು.

ಮತ್ತೆ ಮೇಲೇರಿಸಿದ ದಿನ ಕೆಳಗೆ ನಿಂತು ನೋಡಿದೆ. ಮುಖವೇ ಇಲ್ಲ! ಬಿಸಿಲಿಗೆ ಬರೀ ಬೋಳು ಕಲ್ಲು. ಅಷ್ಟು ಎತ್ತರದಲ್ಲಿ ನೆರಳು ಬಿದ್ದು ಕಣ್ಣು ಬಾಯಿ ಕಾಣಲೆಂದೇ ಮಾವ ಹಾಗೆ ಆಳವಾಗಿ ಕೆತ್ತಿದ್ದರು. ನಮ್ಮ ಮಂಕುಬುದ್ಧಿಗೆ ಅದು ಹೊಳೆದದ್ದು ಆಗ. ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾವ ಎಷ್ಟು ಹೇಳಿದರೂ ಕೇಳದೆ ಮರುದಿನ ಕೋಲೂರಿಕೊಂಡು, ನನ್ನ ಕೈ ಹಿಡಿದುಕೊಂಡು ಬಂದೇ ಬಂದರು. ಯಜಮಾನರೂ ಜೊತೆಗೆ ಬಂದರು. ಬಹಳ ಹೊತ್ತು ಮೇಲೆ ನೋಡಿದರು.

"ಮುಖಕ್ಕೆ ಉಳಿ ಹಾಕಿದೆಯೇನೋ?" ಎಂದು ಮಗನನ್ನು ಕೇಳಿದರು.

"ಹತ್ತಿರದಿಂದ ಚೆನ್ನಾಗಿ ಕಾಣ್ಲಿಲ್ಲ ಅಪ್ಪ. ನಿಮ್ಮ ಹೆಸರು ಕೆಡುತ್ತೆ ಅಂತ..."

"ನನ್ನ ಒಂದು ಮಾತು ಕೇಳಬಾರದಿತ್ತಾ? ಮನೆಯಲ್ಲೇ ಇದ್ನಲ್ಲೋ."

ಅಷ್ಟರಲ್ಲಿ ಕಟ್ಟಡದ ಉಸ್ತುವಾರಿ ನೋಡುವ ಸಾಹೇಬರು ದಡದಡ ಬಂದರು. "ಏನ್ರೀ ಇದು? ಮುಖ ಎಲ್ರೀ ಹೋಯ್ತು? ಮಿಕ್ಕ ಶಿಲ್ಪಗಳ ರಿಪೇರೀನೂ ನಿಮಗೇ ಕೊಡೋಣ ಅಂತಿದ್ವಲ್ರೀ!"

ಯಜಮಾನರು ಬಾಯಿ ತೆರೆದರು. ಮಾವ ಬಿಡಲಿಲ್ಲ.

"ಅವನದೇನೂ ತಪ್ಪಿಲ್ಲ ಸಾರ್. ನಾನು ಕೆತ್ತಿದ್ದೇ ಅರೆಬರೆ. ಇಷ್ಟು ವರ್ಷ ಮಸಿ ಕೂತು ಕಣ್ಣು ಮೂಗು ಇದ್ದ ಹಾಗೆ ಕಾಣ್ತಿತ್ತು. ಇವನು ತೊಳೆದ, ನನ್ನ ಬಣ್ಣ ಬಯಲಾಯ್ತು."

"ಹೌದೇನ್ರೀ?" ಸಾಹೇಬರು ನಮ್ಮವರನ್ನು ಕೇಳಿದರು.

ಯಜಮಾನರು ನನ್ನ ಮುಖ ನೋಡಿದರು. ಬೇಡ, ನಿಜ ಹೇಳಿಬಿಡಿ ಎನ್ನಬೇಕಿತ್ತು ನಾನು. ಹೂಂ ಎಂದು ತಲೆಯಾಡಿಸಿಬಿಟ್ಟೆ.

"ಹೌದು ಸಾರ್," ಎಂದರು.

ಮಾವ ನನ್ನ ಕೈ ಬಿಟ್ಟರು.