ಕಾಲಿನ ಉಸಿರು

ನಮ್ಮೂರ ಶಾಲೆಯಲ್ಲಿ ಒಂದನೇ ತರಗತಿಯ ಕೋಣೆಗೂ ಶೌಚಾಲಯಕ್ಕೂ ನಡುವೆ ಇರುವುದು ಒಂದೇ ಗೋಡೆ. ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಆಯಿತು. ಆದರೆ ಕೊರೋನಾದ ಎರಡನೇ ವಸಂತದಲ್ಲಿ ಮುಖ್ಯೋಪಾಧ್ಯಾಯಿನಿ ವಿತಾನೋವಾ ನೆಲದ ತುಂಬ ಹಳದಿ ಬಾಣಗಳನ್ನು ಬಳಿಸಿದರು. ಮಕ್ಕಳು ಎದುರುಬದುರಾಗಬಾರದು, ಬಾಣ ತೋರಿಸಿದ ಕಡೆಗೇ ನಡೆಯಬೇಕು. ಬಾಣ ಬಲಕ್ಕಿತ್ತು. ಹಾಗಾಗಿ ಅವಸರಕ್ಕೆ ಎದ್ದ ಮಗು ಬಲಕ್ಕೆ ತಿರುಗಿ, ಮೆಟ್ಟಿಲು ಹತ್ತಿ, ಮೇಲಿನ ಮಹಡಿ ಸುತ್ತಿ, ಇನ್ನೊಂದು ಕಡೆಯ ಮೆಟ್ಟಿಲಿಳಿದು, ಅಡುಗೆಮನೆ ಹಾದು ತನ್ನ ಪಕ್ಕದ ಬಾಗಿಲಿಗೆ ಬರಬೇಕಿತ್ತು. ದಾರಿಯಲ್ಲೇ ಕೆಲಸ ಮುಗಿಸಿಕೊಂಡವರೂ ಇದ್ದರು. ಅವರ ತಾಯಂದಿರು ಒಣ ಚಡ್ಡಿ ಹಿಡಿದು ಓಡಿ ಬಂದರೆ ಗೇಟಿನೊಳಗೆ ತಾಯಂದಿರಿಗೆ ಪ್ರವೇಶವಿರಲಿಲ್ಲ.

ನಾನು ಸೆವ್ದಾ. ರೊಡೋಪಿ ಬೆಟ್ಟದ ಈ ಕಡೆಯ ಊರುಗಳಿಂದ ಹಾಲು ಒಟ್ಟುಮಾಡಿ ಡೇರಿಗೆ ಸಾಗಿಸುವ ವ್ಯಾನು ನನ್ನದು. ದಿನಾ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಹಾಲಿಳಿಸುವಾಗ ವಿತಾನೋವಾರ ಜೊತೆ ಒಂದು ಜಗಳ ಆಡದಿದ್ದರೆ ನನಗೆ ತಿಂದದ್ದು ಅರಗುತ್ತಿರಲಿಲ್ಲ. ಹಾಗಂತ ರೋಗವೇ ಸುಳ್ಳು ಎಂದು ಕಾಫಿ ಅಂಗಡಿಯ ಮುಂದೆ ಭಾಷಣ ಬಿಗಿಯುವವರ ಪೈಕಿ ನಾನಲ್ಲ. ನನ್ನ ಅತ್ತಿಗೆ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್. ಆ ಚಳಿಗಾಲದಲ್ಲಿ ಮನೆಗೆ ಬಂದಾಗಲೆಲ್ಲ ಅವಳ ಕೆನ್ನೆಯ ಮೇಲೆ ಮಾಸ್ಕು ಕೊರೆದ ಗಾಯ ಇರುತ್ತಿತ್ತು. ಊಟಕ್ಕೆ ಕೂತವಳು ತಟ್ಟೆಯನ್ನೇ ನೋಡುತ್ತಿದ್ದಳು. ನನ್ನ ಸಿಟ್ಟು ರೋಗ ತಡೆಯುವ ನಿಯಮದ ಮೇಲಲ್ಲ, ತಲೆ ಓಡಿಸದೆ ನಿಯಮ ಮಾಡುವವರ ಮೇಲೆ.

ಆ ಅತ್ತಿಗೆಯ ಮಗಳೇ ರುಮೆನಾ. ಅಣ್ಣ ಜರ್ಮನಿಯಲ್ಲಿ ಲಾರಿ ಓಡಿಸುತ್ತಾನೆ, ಅತ್ತಿಗೆಗೆ ಆಸ್ಪತ್ರೆ ಬಿಟ್ಟು ಬರಲಾಗದು. ಹುಡುಗಿ ಬೆಳೆದದ್ದು ನನ್ನ ಮತ್ತು ಅಪ್ಪನ ಕೈಯಲ್ಲಿ. ನನ್ನಪ್ಪ ಮಾನೋಲ್ ಗೈದಾ ನುಡಿಸುವವರು. ಮೇಕೆಯ ಇಡೀ ಚರ್ಮದ ತಿತ್ತಿ ಅದು. ಬಾಯಿಂದ ಊದಿ ತುಂಬಿಸಿ, ಕಂಕುಳಲ್ಲಿ ಒತ್ತಿ, ಕೊಳವೆಯ ಮೇಲೆ ಬೆರಳಾಡಿಸಬೇಕು. ನಮ್ಮಲ್ಲಿ ಮದುಮಗಳು ಮನೆ ಬಿಡುವಾಗಲೂ ಗೈದಾ ಬೇಕು, ಹೆಣ ಮನೆ ಬಿಡುವಾಗಲೂ ಬೇಕು. ತಿತ್ತಿ ತನಗಿಂತ ದಪ್ಪಗಿದ್ದಾಗಿನಿಂದ ರುಮೆನಾ ಅದನ್ನು ಅಪ್ಪಿಕೊಂಡು ಕೂತವಳು. ಹದಿಮೂರಕ್ಕೆ ಬರುವ ಹೊತ್ತಿಗೆ ಅವಳು ನುಡಿಸಿದರೆ ನಾನು ವ್ಯಾನಿನ ಎಂಜಿನ್ ಆರಿಸಿ ಕೇಳುತ್ತಿದ್ದೆ.

ಬೆಟ್ಟದಾಚೆ ಜಾನಪದ ಸಂಗೀತದ ಒಂದು ಶಾಲೆ ಇದೆ. ಏಳನೇ ತರಗತಿ ಮುಗಿದ ವರ್ಷವೇ ಪರೀಕ್ಷೆ ಕೊಟ್ಟು ಸೇರಬೇಕು, ಆಮೇಲೆ ತೆಗೆದುಕೊಳ್ಳುವುದಿಲ್ಲ. ರುಮೆನಾಳ ವರ್ಷ ಇದೇ. ತಪ್ಪಿದರೆ ಉಳಿದದ್ದು ಪಟ್ಟಣದಲ್ಲಿ ಹೋಟೆಲ್ ಕೆಲಸ ಕಲಿಸುವ ಶಾಲೆ. ಅಲ್ಲಿ ಕಲಿತವರು ಸಮುದ್ರತೀರದಲ್ಲಿ ಟ್ರೇ ಹೊತ್ತು ಚೆನ್ನಾಗಿಯೇ ಬದುಕಿದ್ದಾರೆ, ನಾನು ಹೀಯಾಳಿಸುವುದಿಲ್ಲ. ಆದರೆ ಆ ಹುಡುಗಿಯ ಬೆರಳು ಟ್ರೇ ಹಿಡಿಯಲು ಹುಟ್ಟಿದ್ದಲ್ಲ.

ಜೂನ್ ಮೊದಲಲ್ಲಿ ಆ ಶಾಲೆಯಿಂದ ಸಂದೇಶ ಬಂತು. ಪರೀಕ್ಷೆಯ ಕೋಣೆಯಲ್ಲಿ ಯಾರೂ ಮಾಸ್ಕು ತೆಗೆಯುವಂತಿಲ್ಲ. ಬಾಯಿಂದ ಊದುವ ವಾದ್ಯಗಳ ಪರೀಕ್ಷೆ ಈ ವರ್ಷ ಇಲ್ಲ. ಬೇರೆ ವಾದ್ಯ ಬರುವವರು ಬರಬಹುದು. ವಿಡಿಯೋ ಕಳಿಸುವ ಹಾಗಿಲ್ಲ, ಏಕೆಂದರೆ ಹಿಂದಿನ ವರ್ಷ ಯಾರೋ ಒಬ್ಬ ಕ್ಯಾಮೆರಾ ಮುಂದೆ ಬೆರಳಾಡಿಸಿದ್ದನಂತೆ, ನುಡಿಸಿದ್ದು ಬಾಗಿಲ ಹಿಂದಿದ್ದ ಅವನ ಚಿಕ್ಕಪ್ಪ.

ರುಮೆನಾ ಓದುವುದು ವಿತಾನೋವಾರ ಶಾಲೆಯಲ್ಲೇ, ಹಾಗಾಗಿ ನಾನು ನೇರ ಅವರ ಬಳಿ ಹೋದೆ. ಅವರು ಗೇಟಿನ ಸರಳುಗಳ ಹಿಂದೆ, ಎರಡು ಮಾಸ್ಕಿನ ಹಿಂದೆ ನಿಂತಿದ್ದರು.

"ಮೇಡಂ, ನೀವು ಆ ಸಂಗೀತ ಶಾಲೆಗೊಂದು ಪತ್ರ ಬರೀರಿ. ಅಂಗಳದಲ್ಲಿ ಕೂತು ಕೇಳಿ ಅಂತ. ಬಯಲಲ್ಲಿ ಊದಿದ್ರೆ ಯಾರಿಗೇನಾಗುತ್ತೆ?"

"ನಿಯಮ ಅಂದ್ರೆ ನಿಯಮ, ಸೆವ್ದಾ. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ಅವಳನ್ನ ತಗೊಳಲ್ಲ ಮೇಡಂ!"

"ಅದಕ್ಕೆ ನಾನೇನು ಮಾಡ್ಲಿ? ನೀವು ಸ್ವಲ್ಪ ಹಿಂದೆ ನಿಂತ್ಕೊಳಿ, ಗೆರೆ ದಾಟಿದೀರ."

ನೋಡಿದರೆ ಹೌದು, ನನ್ನ ಬೂಟಿನ ತುದಿ ಹಳದಿ ಗೆರೆಯ ಮೇಲಿತ್ತು. ಆ ಹೊತ್ತಿಗೆ ಕೈಗೆ ಸಿಕ್ಕಿದ ಹಾಲಿನ ಕ್ಯಾನು ಎತ್ತಿ ಎಸೆಯದೆ ವ್ಯಾನು ಹತ್ತಿದ್ದಕ್ಕೆ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಊದುವವರಿಗೆ ಪರೀಕ್ಷೆಯ ಕೋಣೆ ಮುಚ್ಚಿತ್ತು, ಆದರೆ ಸಮುದ್ರತೀರ ತೆರೆದಿತ್ತು, ಏಕೆಂದರೆ ಅಲ್ಲಿಗೆ ಪ್ರವಾಸಿಗರು ಬರುತ್ತಾರೆ. ನಾವೂ ಪ್ರತಿ ಬೇಸಿಗೆ ಒಂದು ವಾರ ಹೋಗುವವರೇ. ಆ ಭಾನುವಾರ ನಾನು ಅಟ್ಟದಿಂದ ಗಾಳಿ ಹಾಸಿಗೆ ಇಳಿಸಿ, ತೂತುಗೀತು ಬಿದ್ದಿದೆಯೇ ಎಂದು ನೋಡಲು ಅಂಗಳದಲ್ಲಿ ಹಾಸಿ, ಕಾಲಲ್ಲಿ ತುಳಿಯುವ ಪಂಪಿನಿಂದ ಗಾಳಿ ತುಂಬುತ್ತಿದ್ದೆ. ತುಳಿದಷ್ಟೂ ಸಿಟ್ಟು ಏರುತ್ತಿತ್ತು. ಇದು ವಿತಾನೋವಾಗೆ, ಇದು ಬಾಣಕ್ಕೆ, ಇದು ಕ್ಯಾಮೆರಾ ಮುಂದೆ ಕೂತ ಆ ಕಳ್ಳನಿಗೆ, ಇದು ಅವನ ಚಿಕ್ಕಪ್ಪನಿಗೆ. ಮೂರು ದಿನದಿಂದ ಸರಿಯಾಗಿ ಊಟ ಮಾಡದೆ ಮೆಟ್ಟಿಲ ಮೇಲೆ ಕೂತಿದ್ದ ರುಮೆನಾ ನನ್ನ ಕಾಲನ್ನೇ ನೋಡುತ್ತಿದ್ದಳು.

"ಅತ್ತೆ," ಎಂದಳು, "ಆ ನಳಿಗೆ ಇಲ್ಲಿ ಕೊಡಿ."

ಹಾಸಿಗೆಯಿಂದ ಪಂಪಿನ ನಳಿಗೆ ಕಿತ್ತು ಒಳಗೆ ಓಡಿದಳು. ಗೈದಾದ ಊದುವ ಕೊಳವೆಗೆ ಅದನ್ನು ಸಿಕ್ಕಿಸಿ, ಸಂದಿಗೆ ಜೇನುಮೇಣ ಮೆತ್ತಿ, ಕುರ್ಚಿಯ ಮೇಲೆ ಕೂತು ಪಂಪು ತುಳಿದಳು. ತಿತ್ತಿ ಉಬ್ಬಿತು. ಮೊದಲು ಬಂದದ್ದು ಹೊಟ್ಟೆನೋವು ಬಂದ ಮೇಕೆಯ ದನಿ. ಆಮೇಲೆ ಶ್ರುತಿಯ ಕೊಳವೆ ಗುಂಯ್ ಎಂದಿತು. ನಾನು ಕೇಕೆ ಹಾಕಿದೆ.

ಅಪ್ಪ ಕೊಟ್ಟಿಗೆಯಿಂದ ಬಂದು ಬಾಗಿಲಲ್ಲಿ ನಿಂತರು. ಅವರ ಮುಖ ಕೆಂಪಾಗಿತ್ತು.

"ಏನೇ ಇದು? ಗೈದಾ ಏನು ಸೈಕಲ್ ಟ್ಯೂಬಾ?"

"ತಾತ, ಮಾಸ್ಕ್ ತೆಗೀದೆ ನುಡಿಸ್ಬಹುದು ಇದನ್ನ. ನಾನು ಊದ್ತಾನೇ ಇಲ್ಲ ನೋಡಿ."

"ಅದೇ ಹೇಳ್ತಿರೋದು. ಊದಿಲ್ಲ ಅಂದ್ಮೇಲೆ ಅದು ಗೈದಾ ಅಲ್ಲ, ಸತ್ತ ಮೇಕೆ! ಮನುಷ್ಯರ ಉಸಿರು ಹೋಗ್ಬೇಕು ಅದರೊಳಗೆ. ನಮ್ಮಪ್ಪ ಊದಿದ್ದು, ನಾನು ಊದಿದ್ದು. ನೀನು ಕಾಲಲ್ಲಿ ತುಳೀತೀಯ?"

"ಉಸಿರು ಬಿಟ್ರೆ ಒಳಗೇ ಬಿಡಲ್ವಲ್ಲ ತಾತ! ನಾನೇನು ಮಾಡ್ಲಿ?" ಎಂದು ಹುಡುಗಿ ಅತ್ತೇಬಿಟ್ಟಳು.

ಅಪ್ಪ ಕೊಟ್ಟಿಗೆಗೆ ವಾಪಸು ಹೋದರು. ಎರಡು ದಿನ ನಮ್ಮಿಬ್ಬರ ಜೊತೆ ಮಾತು ಬಿಟ್ಟರು. ಮೂರನೆಯ ದಿನ, ರುಮೆನಾ ಅಭ್ಯಾಸ ಮಾಡುವಾಗ ಸ್ವರ ಸ್ವಲ್ಪ ಮೇಲಕ್ಕೆ ಜಾರುವುದನ್ನು ಅವರಿಗೆ ಸಹಿಸಲಾಗಲಿಲ್ಲ. ಉಸಿರಿನ ತೇವ ಇಲ್ಲದೆ ಕೊಳವೆಯೊಳಗಿನ ಜೊಂಡಿನ ನಾಲಿಗೆ ಒಣಗುತ್ತಿತ್ತು. ಬೈಯುತ್ತಲೇ ಬಂದು ಕೊಳವೆ ಕಿತ್ತುಕೊಂಡರು, ನಾಲಿಗೆಗೆ ದಾರ ಸುತ್ತಿ ಮೇಣ ಹಚ್ಚಿ ಸರಿಮಾಡಿದರು, ಬೈಯುತ್ತಲೇ ವಾಪಸು ಕೊಟ್ಟರು. "ಇದನ್ನ ನಾನು ನೋಡಕ್ಕೆ ಬರಲ್ಲ," ಎಂದರು.

ಆದರೂ ಪರೀಕ್ಷೆಯ ಬೆಳಿಗ್ಗೆ ಅವರು ತಾಮ್ರದ ತಂಬಿಗೆ ಹಿಡಿದು ಹೊಸಿಲಲ್ಲಿ ನಿಂತಿದ್ದರು. ಪರೀಕ್ಷೆಗೆ ಹೊರಟವರ ಮುಂದೆ ನೀರು ಚೆಲ್ಲಿದರೆ ಕೆಲಸ ನೀರಿನಂತೆ ಸರಾಗ ಹರಿಯುತ್ತದೆ ಎಂದು ನಮ್ಮ ನಂಬಿಕೆ. ನೀರು ಚೆಲ್ಲಿ, ತಂಬಿಗೆ ಒಳಗಿಟ್ಟು, ಯಾರೂ ಕರೆಯದೆ ವ್ಯಾನಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತರು. ನಾನು ಕನ್ನಡಿಯಲ್ಲಿ ನೋಡಿ ನಕ್ಕಿದ್ದಕ್ಕೆ, "ರಸ್ತೆ ನೋಡು," ಎಂದರು.

ಆ ಶಾಲೆಯ ಗೇಟಿನಲ್ಲಿ ಕಾವಲುಗಾರ ಹುಡುಗಿಯ ಹಣೆಗೆ ಥರ್ಮಾಮೀಟರ್ ಹಿಡಿದ.

"ಯಾವ ವಾದ್ಯ?"

"ಗೈದಾ."

"ಊದೋದು ಇಲ್ಲಮ್ಮ ಈ ವರ್ಷ. ನೋಡು, ಅಲ್ಲಿ ಎಲ್ಲಾ ಅದಕ್ಕೇ ಅಳ್ತಾ ನಿಂತಿದಾರೆ."

ನಿಜ. ಅಂಗಳದಲ್ಲಿ ಉದ್ದ ಕೊಳಲು, ಕ್ಲಾರಿನೆಟ್, ತುತ್ತೂರಿ ಹಿಡಿದ ಮಕ್ಕಳೂ ತಾಯಂದಿರೂ ಗೋಡೆಗೆ ಒರಗಿ ನಿಂತಿದ್ದರು. ಯಾರಾದರೂ ಕನಿಕರಪಟ್ಟಾರು ಎಂದು ಎಲ್ಲೆಲ್ಲಿಂದಲೋ ಬಂದಿದ್ದರು.

"ನಾನು ಊದಲ್ಲ," ಎಂದಳು ರುಮೆನಾ. ಚೀಲದಿಂದ ಪಂಪು ತೆಗೆದು ತೋರಿಸಿದಳು. ಕಿತ್ತಳೆ ಬಣ್ಣದ್ದು, ಮೇಲೆ ಡಾಲ್ಫಿನ್ ಚಿತ್ರ. ಕಾವಲುಗಾರ ಪಂಪನ್ನೂ ಅವಳನ್ನೂ ನೋಡಿ, ಇದು ತನ್ನ ಸಂಬಳದ ಕೆಲಸವಲ್ಲ ಎಂಬಂತೆ ಒಳಗೆ ಬಿಟ್ಟ.

ದೊಡ್ಡವರಿಗೆ ಕಟ್ಟಡದೊಳಗೆ ಪ್ರವೇಶವಿರಲಿಲ್ಲ. ಆದರೆ ಗಾಳಿಯಾಡಬೇಕು, ಕಿಟಕಿ ಪೂರ್ತಿ ತೆರೆದಿರಬೇಕು ಎಂಬುದೂ ಅವರದೇ ನಿಯಮ. ಪರೀಕ್ಷೆಯ ಕೋಣೆ ನೆಲಮಹಡಿಯಲ್ಲೇ ಇತ್ತು. ನಾನು ಹೂಗಿಡಗಳ ನಡುವೆ ನಿಂತು ಕಿಟಕಿಯೊಳಗೆ ಕತ್ತು ತೂರಿಸಿದೆ. ಆ ನಿಯಮ ಮಾಡಿದವನಿಗೆ ನೂರು ವರ್ಷ ಆಯುಸ್ಸು ಬರಲಿ.

ಒಳಗೆ ಮೂವರು ಕೂತಿದ್ದರು. ನಡುವೆ ಅಧ್ಯಕ್ಷರು, ಮಾಸ್ಕಿನಲ್ಲಿ ಹಿಡಿಸದ ಬಿಳಿ ಗಡ್ಡ ಎರಡೂ ಕಡೆ ಹೊರಬಂದಿತ್ತು. ಪಕ್ಕದಲ್ಲಿ ಸಣಕಲು ಹೆಂಗಸೊಬ್ಬಳು, ಕೈಯಲ್ಲಿ ನಿಯಮದ ಹಾಳೆ.

"ಏನಮ್ಮ ಇದು?" ಎಂದರು ಅಧ್ಯಕ್ಷರು, ಪಂಪಿನ ಕಡೆ ಬೆರಳು ತೋರಿಸಿ.

"ನನ್ನ ಉಸಿರು, ಸರ್."

ಸಣಕಲು ಹೆಂಗಸು ಹಾಳೆ ಎತ್ತಿದಳು. ಅವಳು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. "ಮಾಸ್ಕ್ ತೆಗೆಯುವಂತಿಲ್ಲ. ತೆಗೆದಿಲ್ಲ. ಬಾಯಿಂದ ಊದುವಂತಿಲ್ಲ. ಊದ್ತಿಲ್ಲ." ಹಾಳೆ ತಿರುಗಿಸಿ ಹಿಂದೆಯೂ ನೋಡಿದಳು. "ಸರ್, ಕಾಲಿನ ಬಗ್ಗೆ ಇಲ್ಲಿ ಏನೂ ಬರೆದಿಲ್ಲ."

ಅಧ್ಯಕ್ಷರು ಕುರ್ಚಿಗೆ ಒರಗಿ, "ಹಾಗಾದ್ರೆ ತುಳಿಯಮ್ಮ," ಎಂದರು. ಮಾಸ್ಕಿನ ಹಿಂದೆ ನಗುತ್ತಿದ್ದರೆಂದು ಕಾಣುತ್ತದೆ.

ಮೊದಲ ತುಳಿತಕ್ಕೆ ಪಂಪು ಕೀಚ್ ಎಂದಿತು. ಅಧ್ಯಕ್ಷರ ಇನ್ನೊಂದು ಪಕ್ಕದಲ್ಲಿದ್ದ ಮೂರನೆಯವನು ಕಿಸಕ್ಕೆಂದ. ರುಮೆನಾಳ ಕಿವಿ ಕೆಂಪಾಯಿತು. ಅವಳು ಕಣ್ಣು ಮುಚ್ಚಿದಳು. ಆಮೇಲೆ ಶ್ರುತಿ ನಿಂತಿತು, ಅದರ ಮೇಲೆ ಹಾಡು ಎದ್ದಿತು. ನಮ್ಮ ಬೆಟ್ಟದ ನಿಧಾನದ ಹಾಡು, ಮೇಲಿನ ಹುಲ್ಲುಗಾವಲಿನಲ್ಲಿ ಕುರಿ ಬಿಟ್ಟವರು ಕಣಿವೆಯವರಿಗೆ ಕೇಳಲೆಂದು ನುಡಿಸುವುದು. ಒಂದೊಂದು ಸ್ವರವನ್ನೂ ಅವಳು ಹಿಡಿದು ನಿಲ್ಲಿಸಿ, ಇನ್ನೇನು ಮುಗಿಯಿತು ಎನ್ನುವಾಗ ಮತ್ತೂ ಎಳೆಯುತ್ತಿದ್ದಳು. ವರ್ಷವಿಡೀ ಬಾಗಿಲು ಹಾಕಿಕೊಂಡು ನುಂಗಿದ್ದೆಲ್ಲ ಹೊರಗೆ ಬಂತು. ನಾನು ಹೂಗಿಡಗಳ ನಡುವೆ ನಿಂತು ಮಾಸ್ಕು ನೆನೆಯುವ ಹಾಗೆ ಅತ್ತೆ.

ಹಾಡು ಮುಗಿದು ಕುಣಿತದ ಗತ್ತು ಶುರುವಾಯಿತು. ಈಗ ಆ ದರಿದ್ರ ಕೀಚ್ ಕೂಡ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು! ಕಿಸಕ್ಕೆಂದಿದ್ದವನ ಬೂಟು ಮೇಜಿನ ಕೆಳಗೆ ಕುಣಿಯುತ್ತಿದ್ದುದನ್ನು ನನ್ನ ಕಣ್ಣಾರೆ ಕಂಡೆ.

ತಿರುಗಿ ನೋಡಿದರೆ ಅಪ್ಪ ಅಂಗಳದ ಗೋಡೆಯ ಬಳಿ, ಕಟ್ಟಡಕ್ಕೆ ಬೆನ್ನು ಹಾಕಿ ನಿಂತಿದ್ದರು. ಪಕ್ಕದಲ್ಲಿದ್ದ, ಕ್ಲಾರಿನೆಟ್ ಹಿಡಿದ ಹುಡುಗಿಯೊಬ್ಬಳ ಅಜ್ಜ ಅವರ ತೋಳು ತಟ್ಟಿದ. "ಕೇಳಿದ್ರಾ ಯಜಮಾನ್ರೆ? ಎಂಥಾ ದಮ್ಮು! ಎಷ್ಟೊತ್ತು ಎಳೀತಾಳೆ! ಯಾರ ಮನೆ ಉಸಿರದು?"

ಸತ್ತ ಮೇಕೆ ಎಂದಿದ್ದ ನನ್ನಪ್ಪ ಟೋಪಿ ಸರಿಮಾಡಿಕೊಂಡು, ಒಂದು ಚೂರೂ ಅಳುಕದೆ, "ನಮ್ಮನೇದು," ಎಂದರು.

ಕೊನೆಯ ಸ್ವರ ನಿಂತಾಗ ಅಂಗಳದವರೆಲ್ಲ ಚಪ್ಪಾಳೆ ಹೊಡೆದರು. ಆಗಲೇ ಆ ಕ್ಲಾರಿನೆಟ್ ಹುಡುಗಿಯ ತಾಯಿ ಗೋಡೆ ಬಿಟ್ಟು ಮುಂದೆ ಬಂದಳು. ಗಟ್ಟಿ ಹೆಂಗಸು, ನನ್ನ ಜಾತಿಯವಳೇ ಜಗಳದಲ್ಲಿ.

"ಒಳಗಿನದು ನಮಗಿಷ್ಟು ಕೇಳುತ್ತೆ ಅಂದ್ರೆ," ಎಂದು ಕಿಟಕಿಯೊಳಕ್ಕೆ ಕೂಗಿದಳು, "ಹೊರಗಿನದು ನಿಮಗೆ ಕೇಳಲ್ವಾ ಸ್ವಾಮಿ? ನನ್ನ ಮಗಳು ಇಲ್ಲೇ ನಿಂತು ಊದ್ತಾಳೆ. ನೀವು ಅಲ್ಲೇ ಕೂತು ಕೇಳಿ. ಅವಳು ಒಳಗೆ ಬರಲ್ಲ, ನೀವು ಹೊರಗೆ ಬರ್ಬೇಡಿ!"

ಒಳಗೆ ಸಣಕಲು ಹೆಂಗಸಿನ ಕೈ ಹಾಳೆಯತ್ತ ಹೋಯಿತು. ಅಧ್ಯಕ್ಷರು ಅವಳಿಗಿಂತ ಮೊದಲೇ ಅದನ್ನು ಎತ್ತಿ, ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಡಿಗೆ ಇಟ್ಟರು.

"ಕಿಟಕಿಯಿಂದ ನಾಲ್ಕು ಹೆಜ್ಜೆ ದೂರ ನಿಲ್ಲಿಸಿ," ಎಂದರು. "ಒಬ್ಬೊಬ್ಬರಾಗಿ ಬನ್ನಿ. ಎಲ್ಲರನ್ನೂ ಕೇಳ್ತೀವಿ."

ಆಗ ಎದ್ದ ಗದ್ದಲವನ್ನು ಏನೆಂದು ಹೇಳಲಿ! ತಾಯಂದಿರು ಮಕ್ಕಳ ಕೂದಲು ಸರಿಮಾಡುವವರು, ಮಕ್ಕಳು ತುತ್ತೂರಿ ಒರೆಸುವವರು. ಕಾವಲುಗಾರ ತಾನೇ ಮುಂದೆ ಬಂದು ಹೆಜ್ಜೆ ಅಳೆದು ಬೂಟಿನ ಹಿಮ್ಮಡಿಯಿಂದ ಮಣ್ಣಲ್ಲಿ ಗೆರೆ ಎಳೆದ. ಆ ಒಂದು ಗೆರೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಧ್ಯಾಹ್ನ ದಾಟುವವರೆಗೂ ಕ್ಲಾರಿನೆಟ್ಟು, ಕೊಳಲು, ತುತ್ತೂರಿ ಒಂದರ ಹಿಂದೆ ಒಂದು ಆ ಕಿಟಕಿಯೊಳಗೆ ಹೋದವು. ಸುತ್ತಲಿನ ಮನೆಗಳವರು ಬಾಲ್ಕನಿಗೆ ಕುರ್ಚಿ ಎಳೆದುಕೊಂಡು ಕೂತರು. ನಾನು ತಂದಿದ್ದ ಚೀಸು ತುಂಬಿದ ಬಾನಿತ್ಸಾ ರೊಟ್ಟಿಯನ್ನು ಗುರುತಿಲ್ಲದವರಿಗೆಲ್ಲ ಹಂಚಿದೆ.

ಎಲ್ಲ ಮುಗಿದ ಮೇಲೆ ಅಧ್ಯಕ್ಷರು ಕಿಟಕಿಗೆ ಬಂದು ಎರಡೂ ಮೊಣಕೈ ಊರಿ ನಿಂತರು. ತೆಗೆದುಕೊಂಡವರ ಹೆಸರು ಹೇಳಿದರು. ಮೊದಲ ಹೆಸರು ರುಮೆನಾಳದು. ಹುಡುಗಿ ಗೈದಾ ಸಮೇತ ನನ್ನ ಕತ್ತಿಗೆ ಬಿದ್ದಳು, ನಮ್ಮಿಬ್ಬರ ನಡುವೆ ತಿತ್ತಿ ಸಿಕ್ಕಿ ಉಳಿದ ಗಾಳಿಯನ್ನೆಲ್ಲ ಅಂಗಳದವರೆಲ್ಲರ ಮುಂದೆ ಬಿಟ್ಟಿತು. ಬಾಲ್ಕನಿಯವರೂ ನಕ್ಕರು.

"ಈ ಹುಡುಗಿಗೆ ಕಲಿಸಿದವರು ಯಾರು?" ಎಂದು ಅಧ್ಯಕ್ಷರು ಕೇಳಿದರು.

ಅಪ್ಪ ಗುಂಪಿನಿಂದ ಮುಂದೆ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಅವರ ಕಣ್ಣು ತುಂಬಿತ್ತು, ಅದನ್ನು ಅವರು ಒರೆಸಿಕೊಳ್ಳಲೂ ಇಲ್ಲ.

"ಬೆರಳು ನಾನು ಕಲಿಸಿದ್ದು," ಎಂದರು. "ಕಾಲು ಅವಳದ್ದೇ."