ಮೆಂತೆಬೀಜದ ಗಂಟು

ಹೆಣಕ್ಕ ನೀರು ಹಾಕಾಕಂತ ತಿಮ್ಮವ್ವನ್ನ ಎತ್ತಿ ಕುಂದ್ರಿಸಿದಾಗ, ಆಕಿ ಟೊಂಕದಾಗಿಂದ ಒಂದು ಹಸಿ ಅರಿವಿಗಂಟು ಕೆಳಗ ಬಿತ್ತು.

"ಬಂಗಾರ ಮುಚ್ಚಿಟ್ಟಾಳೇನವ್ವ ಮುದಿಕಿ!" ನೆರಮನಿ ದೇವಕಮ್ಮ ಅಳೂದು ನಿಲ್ಲಿಸಿದ್ಲು.

ಸೊಸಿ ಬಾಲಮ್ಮ ಎತ್ಕೊಂಡ್ಲು. "ಮೆಂತೆ. ಮೊಳಕಿ ಬರ್ಲಂತ ಮೈಕಾವಿಗೆ ಕಟ್ಕೊಂಡಾಳ. ಇವತ್ತ ಕಾಲುವಿ ಪಾಳಿ."

ಮುದಿಕಿ ತಣ್ಣಗಾಗಿದ್ಲು, ಗಂಟು ಇನ್ನಾ ಬೆಚ್ಚಗಿತ್ತು. ಬಾಲಮ್ಮ ಒಳಗ ಹೋಗಿ ಅದನ್ನ ಹಿಟ್ಟಿನ ಡಬ್ಬಿ ಹಿಂದ ತುರುಕಿ ಬಂದ್ಲು.

*

ಸಗರ ಊರಿಗೆ ಕಾಲುವಿ ಬಂದಾಗಿಂದ ತಿಮ್ಮವ್ವಂದು ನಾಕೇ ಮಡಿ. ಎಂಟು ದಿನಕ್ಕೊಮ್ಮಿ ನೀರಿನ ಪಾಳಿ, ಪಾಳಿಗೊಂದು ಮಡಿ ಬಿತ್ತೂದು. ಬಿತ್ತಿದ ತಿಂಗಳಿಗೆ ಪಲ್ಲೆ. ಒಂದು ಮಡಿ ಕಿತ್ತು ಮುಗಿಯೂದ್ರಾಗ ಇನ್ನೊಂದು ತಯಾರು. ಸೂರ್ಯ ಒಂದಿನ ತಪ್ಪಿಸ್ಯಾನು, ಶಹಾಪುರ ಪ್ಯಾಟ್ಯಾಗ ತಿಮ್ಮವ್ವನ ಮೆಂತೀಪಲ್ಲೆ ತಪ್ಪಿದ್ದಿಲ್ಲ.

ಬಾಲಮ್ಮ ಲಗ್ನಾಗಿ ಬಂದು ಹನ್ನೊಂದು ವರ್ಷ. ತವರುಮನಿ ರಂಗಂಪೇಟಿ ಏನು ಸಮುದ್ರದಾಚಿಗಿಲ್ಲ, ಆದ್ರ ಒಂದು ದಿನಾನೂ ಅಲ್ಲಿ ಉಳಿದಾಕಿ ಅಲ್ಲ.

"ಅತ್ತಿ, ಎಂಟು ದಿನ ಹೋಗಿಬರ್ತೀನ್ರಿ. ಅವ್ವಗ ಕಣ್ಣು ಮಂದಾಗ್ಯಾವ. ನನ್ನ ಮಾರಿ ಕಾಣೂತನಾರ..."

"ಹೋಗು, ಯಾರು ಬ್ಯಾಡಂದ್ರು? ಎಂಟು ದಿನ ಬೆಳಿಬ್ಯಾಡಂತ ಮೆಂತೆಗೆ ಹೇಳಿ ಹೋಗು."

"ನಿಮ್ಮ ಮಗ ಕೀಳ್ತಾರಲ್ರಿ?"

"ಅಂವ ಕಿತ್ರ ಪ್ಯಾಟಿಗೆ ಪಲ್ಲೆ ಹೋಗಂಗಿಲ್ಲ, ಹೊಲಾನೇ ಹೋಗ್ತದ!"

*

ಹೊಲದ ಬದುವಿನಾಗೇ ಕುಣಿ ತೋಡಿದ್ರು. ಕಾಲುವಿ ತುಂಬಿ ಹರಿಯೂವಷ್ಟು ಅತ್ತು, ಎಲ್ಲಾರೂ ಮೂರು ಮೂರು ಹಿಡಿ ಮಣ್ಣು ಹಾಕಿದ್ರು. ಬಾಲಮ್ಮನೂ ಹಾಕಿದ್ಲು. ಬೆರಳು ಮಾತ್ರ ಬ್ಯಾರೆ ಲೆಕ್ಕ ಹಾಕ್ತಿದ್ವು. ಇವತ್ತ ಬಿತ್ತಲಿಲ್ಲಂದ್ರ, ಬರೂ ತಿಂಗಳ ಎಂಟು ದಿನ ಕೀಳಾಕ ಏನೂ ಇರಂಗಿಲ್ಲ. ರಂಗಂಪೇಟ್ಯಾಗ ಅವ್ವನ ಬಾಜೂಕ ಎಂಟು ದಿನ.

ಖಾಲಿ ಮಡಿ ಬಾಯಿಗೆ ಪಾಳಿ ನೀರು ಬಂದು ನಿಂತಿತ್ತು.

ಪಲ್ಲೆ ಮಾರೂ ಯಾಕೂಬಸಾಬ ಕಣ್ಣೊರಿಸ್ಕೊಂಡ. "ಅಮ್ಮಾನ ಮಡಿ ಖಾಲಿ ಬಿಡಬಾರ್ದು ಭಾಯ್. ಇವತ್ತ ನಾವೇ ಬಿತ್ತೋಣ."

"ಬೀಜ ಇಲ್ಲಲ್ರಿ," ಬಾಲಮ್ಮ ಗಡಬಡಿಸಿದ್ಲು.

"ಅಯ್ಯ, ಅದಾವ ತಗೊ! ಹಿಟ್ಟಿನ ಡಬ್ಬಿ ಹಿಂದ ಸಿಕ್ತು. ದುಃಖದಾಗ ಮರ್ತೀದಿ, ಪಾಪ," ದೇವಕಮ್ಮ ಸೆರಗಿನಾಗಿಂದ ಗಂಟು ತೆಗೆದ್ಲು. ಅರಿವಿ ತೂರಿ ಬಿಳಿ ಮೊಳಕಿ ಹೊರಗ ಇಣುಕಿದ್ವು.

ಮಂದಿ ಎಲ್ಲಾ ಮಡಿಗಿಳಿದ್ರು. ಬಾಲಮ್ಮನ ಗಂಡ ಅಯ್ಯಣ್ಣ ಅತ್ಕೊಂತ ಬೀಜ ಚೆಲ್ಲಿದ.

"ಮಣ್ಣು ಮೊದ್ಲು ಸೊಸಿ ಮುಚ್ಚಲಿ," ಅಂದ ಯಾಕೂಬಸಾಬ. ಎಲ್ಲಾರೂ ಸರಿದು ದಾರಿ ಬಿಟ್ರು.

ಕುಣಿ ಮಣ್ಣು ಇನ್ನಾ ಉಗುರಿನ ಸಂದಿನಾಗ ಇತ್ತು. ಬಾಲಮ್ಮ ಬಗ್ಗಿದ್ಲು. ಒಂದು ಹಿಡಿ ಹಾಕಿದ್ಲು. ಎರಡು. ಮೂರು.